ಮೀನುಮರಿ ಬಿಡುವ ಮುನ್ನ ಒಂದು ಮಾತು

ಕಳೆದ ರವಿವಾರ ನಮ್ಮ ಬಡಾವಣೆಯ ಕನ್ನಡ ಬಳಗದ ಕಾರ್ಯಕಾರಿ ಸಮಿತಿ ಸಭೆ ಜರಗಿತು. ಜೂನ್ 5ರ ವಿಶ್ವ ಪರಿಸರ ದಿನವನ್ನು ಈ ಬಾರಿ ಹೇಗೆ ಆಚರಿಸಬೇಕು ಎಂಬುದು ಸಭೆಯ ಮುಖ್ಯ ವಿಷಯ. ಪ್ರತಿವರ್ಷ ಸಸಿ ನೆಡುತ್ತೇವೆ, ಪ್ರತಿವರ್ಷ ಅದೇ ಗುಂಡಿಯಲ್ಲಿ ನೆಡುತ್ತೇವೆ ಎಂದು ಮಹಿಳಾ ವಿಭಾಗದವರೊಬ್ಬರು ಚುಚ್ಚಿದ್ದರಿಂದ ಹೊಸದೇನಾದರೂ ಮಾಡೋಣ ಎಂಬ ಉತ್ಸಾಹ ಎಲ್ಲರಿಗೂ ಬಂತು. ಆಗ ಒಬ್ಬರು, "ಐದು ಸಾವಿರ ಮೀನುಮರಿ ತಂದು ನದಿಗೆ ಬಿಡೋಣ. ನದಿಯೂ ಶುದ್ಧ ಆಗುತ್ತದೆ, ಜೀವದಾನದ ಪುಣ್ಯವೂ ಬರುತ್ತದೆ" ಎಂದರು. ಚಪ್ಪಾಳೆ ಬಿತ್ತು. ಪ್ರಾಯೋಜಕರೂ ಅಲ್ಲೇ ಸಿದ್ಧರಾದರು. ಬ್ಯಾನರಿನಲ್ಲಿ ಯಾರ ಯಾರ ಹೆಸರು ಹಾಕಬೇಕು ಎಂಬಲ್ಲಿಗೆ ಮಾತು ಬಂದಾಗ ನಾನು ಕೈಯೆತ್ತಿ, "ಯಾವ ಮೀನು?" ಎಂದು ಕೇಳಿದೆ.

ಯಾರಿಗೂ ಗೊತ್ತಿರಲಿಲ್ಲ. "ಮೀನು ಮೀನೇ ಅಲ್ವೇನ್ರೀ, ಯಾವುದಾದರೇನು? ಅಂಗಡಿಯವರು ಯಾವುದು ಕೊಡ್ತಾರೋ ಅದು" ಎಂದು ಹಿರಿಯರೊಬ್ಬರು ನಕ್ಕರು. ಇನ್ನೊಬ್ಬರು, "ನೀವು ಬ್ಯಾಂಕಿನವರು, ಮೀನಿಗೂ ಗುರುತಿನ ಚೀಟಿ ಕೇಳ್ತೀರಿ" ಎಂದರು. ನಾನೂ ನಕ್ಕೆ. ಆದರೆ ವಿರೋಧ ಬಿಡಲಿಲ್ಲ. ಕೊನೆಗೆ, ಮುಂದಿನ ಸಭೆಯಲ್ಲಿ ತೀರ್ಮಾನಿಸೋಣ ಎಂದು ಅಧ್ಯಕ್ಷರು ವಿಷಯವನ್ನು ಮುಂದೂಡಿದರು. ಸಭೆಯಲ್ಲಿ ಎಲ್ಲವನ್ನೂ ಹೇಳಲು ಸಮಯ ಸಿಗಲಿಲ್ಲ. ಹಾಗಾಗಿ ಈ ಬರಹ. ನಮ್ಮ ಬಳಗದವರು ಮಾತ್ರವಲ್ಲ, ಇಂಥ ಕಾರ್ಯಕ್ರಮವನ್ನು ಹಮ್ಮಿಕೊಳ್ಳುವ ಯೋಚನೆಯಲ್ಲಿರುವ ಇತರ ಸಂಘ-ಸಂಸ್ಥೆಗಳವರೂ ಓದಲಿ ಎಂಬುದು ನನ್ನ ಆಸೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಮೀನು ತಿನ್ನುವವನಲ್ಲ, ಮೀನು ವಿಜ್ಞಾನಿಯೂ ಅಲ್ಲ. ರಾತ್ರಿ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೂತವನು. ಆದರೆ ಈ ವಿಷಯದಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಹೇಳದೆ ಬೇರೆಯವರಿಗೆ ಬುದ್ಧಿ ಹೇಳುವುದು ಸರಿಯಲ್ಲ.

ಮಗ ಚಿಕ್ಕವನಿದ್ದಾಗ ಹಠ ಮಾಡಿ ಮನೆಗೊಂದು ಗಾಜಿನ ಮೀನುತೊಟ್ಟಿ ತರಿಸಿದ್ದ. ಬಣ್ಣದ ಮೀನುಗಳು ಒಂದೊಂದಾಗಿ ಸತ್ತವು. ಉಳಿದದ್ದು ಒಂದೇ, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ನೆಕ್ಕುವ ಕಪ್ಪು ಮೀನು. ಅಂಗಡಿಯವನು ಅದನ್ನು ಸಕರ್ ಎಂದು ಕರೆದಿದ್ದ. ಬೆರಳುದ್ದ ಇದ್ದದ್ದು ಗೇಣುದ್ದ ಆಯಿತು, ಆಮೇಲೆ ಒಂದಡಿ ಆಯಿತು, ತೊಟ್ಟಿಯಲ್ಲಿ ತಿರುಗಲಿಕ್ಕೂ ಜಾಗ ಇರಲಿಲ್ಲ. 2016ರಲ್ಲಿ ಮಗ ಇಂಜಿನಿಯರಿಂಗ್ ಎಂದು ಹಾಸ್ಟೆಲಿಗೆ ಹೋದ. ಒಂದು ಸಂಜೆ ನಾನೂ ಮನೆಯವಳೂ ಅದನ್ನು ಬಕೆಟ್ಟಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಮುಂಢವಾ ಸೇತುವೆಯ ಬಳಿ ಹೋಗಿ ಮುಳಾ-ಮುಠಾ ನದಿಗೆ ಬಿಟ್ಟು ಬಂದೆವು. ಮನೆಯವಳು ಕೈಮುಗಿದಳು. ಒಂದು ಜೀವಕ್ಕೆ ಬಿಡುಗಡೆ ಕೊಟ್ಟೆವೆಂಬ ಸಮಾಧಾನದಿಂದ ದಾರಿಯಲ್ಲಿ ಕಬ್ಬಿನ ಹಾಲು ಕುಡಿದು ಮನೆ ಸೇರಿದೆವು.

ಕೆಲವು ವರ್ಷಗಳ ನಂತರ ಮರಾಠಿ ಪತ್ರಿಕೆಯಲ್ಲಿ ಒಂದು ಫೋಟೋ ನೋಡಿದೆ. ಉಜನಿ ಜಲಾಶಯದ ಮೀನುಗಾರನೊಬ್ಬ ಬಲೆಗೆ ಸಿಕ್ಕಿದ ವಿಚಿತ್ರ ಮೀನನ್ನು ಹಿಡಿದು ನಿಂತಿದ್ದ. ಅದೇ ಕಪ್ಪು ಮೈ, ಅದೇ ಬಾಯಿ. ನಮ್ಮ ಮುಳಾ-ಮುಠಾ ಭೀಮೆಯನ್ನು ಸೇರಿ ಉಜನಿಗೇ ಹೋಗುತ್ತದೆ. ಅದು ನಾನು ಬಿಟ್ಟ ಮೀನಿನ ಸಂತಾನ ಎಂದು ಹೇಳಲಾರೆ, ಅಲ್ಲ ಎಂದು ಎದೆತಟ್ಟಿ ಹೇಳುವ ಧೈರ್ಯವೂ ಇಲ್ಲ. ದಕ್ಷಿಣ ಅಮೆರಿಕದ ಈ ಮೀನಿನ ಮೈಮೇಲೆ ಮಾಂಸಕ್ಕಿಂತ ಕವಚವೇ ಹೆಚ್ಚು. ಮುಳ್ಳುಗಳು ಬಲೆಯನ್ನು ಹರಿಯುತ್ತವೆ. ನದಿಯ ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ದಂಡೆ ಕುಸಿಯುತ್ತದೆ. ನೀರಿನಲ್ಲಿ ಪ್ರಾಣವಾಯು ಇಲ್ಲದಿದ್ದರೆ ಮೇಲೆ ಬಂದು ಗಾಳಿಯನ್ನೇ ನುಂಗಿ ಬದುಕುತ್ತದೆ. ಸಂತೆಯಲ್ಲಿ ಇದನ್ನು ಕೊಳ್ಳುವವರಿಲ್ಲ. ಬಡ ಮೀನುಗಾರನಿಗೆ ಹರಿದ ಬಲೆ ಮಾತ್ರ ಲಾಭ! ಆ ದಿನದಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

ಓದುತ್ತಾ ಹೋದಾಗ ನನ್ನನ್ನು ಅತ್ಯಂತ ಬೆರಗುಗೊಳಿಸಿದ ಸಂಗತಿಯೊಂದಿದೆ. ಅದು ಪುಣೆಗೂ ಕರ್ನಾಟಕಕ್ಕೂ ಸಂಬಂಧಪಟ್ಟದ್ದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬ್ರಿಟಿಷರ ಕಾಲದಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಇಲ್ಲಿದ್ದ. ಮುಂಬಯಿ ಸರಕಾರ 1824ರಲ್ಲಿ ಅವನನ್ನು ದಖ್ಖನಿನ ಅಂಕಿ-ಅಂಶ ವರದಿಗಾರನನ್ನಾಗಿ ನೇಮಿಸಿತು. ಊರೂರು ತಿರುಗಿ ಜನ, ಬೆಳೆ, ಮಳೆ, ಹಕ್ಕಿ, ಮೀನು ಎಲ್ಲವನ್ನೂ ಲೆಕ್ಕ ಬರೆದ ಮನುಷ್ಯ. (ಗುಮಾಸ್ತನಾದ ನನಗೆ ಅವನ ಮೇಲೆ ಪ್ರೀತಿ ಬರಲು ಇದೇ ಕಾರಣವಿರಬೇಕು.) ಪುಣೆ ಸೀಮೆಯ ಮೀನುಗಳನ್ನು ಅವನು 1839ರಲ್ಲಿ ಲಂಡನ್ನಿನ ವಿದ್ವಾಂಸರಿಗೆ ಪರಿಚಯಿಸಿದ. ವಿಶೇಷವೆಂದರೆ ಹೆಸರಿಡುವಾಗ ಇಲ್ಲಿನ ಬೆಸ್ತರು ಕರೆಯುತ್ತಿದ್ದ ಹೆಸರುಗಳನ್ನೇ ಅನೇಕ ಮೀನುಗಳಿಗೆ ಉಳಿಸಿದ. ಇಂದ್ರಾಯಣಿ ನದಿಯ, ಮೂಗಿನ ಮೇಲೆ ಉಬ್ಬಿರುವ ಮೀನು ನುಕ್ತಾ. ಇನ್ನೊಂದು ಮೀನು ಪೊಟೈಲ್, ಅಂದರೆ ನಮ್ಮ ಪಾಟೀಲ! ಪುಣೆಯಿಂದ ಪೂರ್ವಕ್ಕೆ 8 ಮೈಲಿ ದೂರದಲ್ಲಿ ಮುಳಾ-ಮುಠಾ ನದಿಯಲ್ಲಿ ಸಿಕ್ಕಿದ ದೊಡ್ಡ ಮಹಸೀರ್ ಮೀನಿಗೆ ಖುದ್ರಿ ಎಂದು ಹೆಸರಿಟ್ಟ. 8 ಮೈಲಿ ಎಂದರೆ ಲೆಕ್ಕ ಹಾಕಿ ನೋಡಿ, ಇಂದಿನ ಮಾಂಜರಿಯ ಆಸುಪಾಸು. ನನ್ನ ಮನೆಯ ಹತ್ತಿರವೇ. ಇವತ್ತು ಅಲ್ಲಿ ನಿಂತು ಮೂಗು ಮುಚ್ಚಿಕೊಳ್ಳದೆ ನದಿಯನ್ನು ನೋಡುವುದೇ ಕಷ್ಟ. ಅಲ್ಲಿ ಸಿಕ್ಕಿದ ಮೀನು ಜಗತ್ತಿನ ವಿಜ್ಞಾನಕ್ಕೆ ಹೊಸದಾಗಿತ್ತು ಎಂದರೆ ನಮ್ಮ ಮಕ್ಕಳು ನಂಬುತ್ತಾರೆಯೇ?

ಈ ಖುದ್ರಿ ಮಹಸೀರಿನ ಸಂಖ್ಯೆ ಕುಸಿದಾಗ ಅದನ್ನು ಉಳಿಸಲು ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಲ್ಲಿ ಮರಿ ಮಾಡುವ ಕೇಂದ್ರವನ್ನು ನಡೆಸತೊಡಗಿದರು. ಕೃತಕವಾಗಿ ಮಹಸೀರ್ ಮರಿ ಮಾಡುವುದು ಸಾಮಾನ್ಯ ಕೆಲಸವಲ್ಲ. ಅದರಲ್ಲಿ ಅವರು ಸಾಧಿಸಿದ್ದು ಮೆಚ್ಚುವಂಥದ್ದು. ದೇಶದ ನಾನಾ ರಾಜ್ಯಗಳಿಗೆ ಲಕ್ಷಗಟ್ಟಲೆ ಮರಿಗಳನ್ನು ಕಳುಹಿಸಿದರು. ಕರ್ನಾಟಕಕ್ಕೂ ಹೋದವು, ನಮ್ಮ ಕಾವೇರಿಗೂ ಇಳಿದವು. ಎಲ್ಲರ ಉದ್ದೇಶ ಒಳ್ಳೆಯದೇ. ಮಹಸೀರ್ ಕಡಿಮೆಯಾಗಿದೆ, ಮಹಸೀರ್ ಬಿಡೋಣ. ಮೀನು ಮೀನೇ ಅಲ್ಲವೇ?

ಅಲ್ಲವೆಂಬುದು ಆಮೇಲೆ ಗೊತ್ತಾಯಿತು. ಕಾವೇರಿಯಲ್ಲಿ ಇದ್ದದ್ದು ಬೇರೆಯೇ ಮಹಸೀರ್. ಬೆನ್ನು ಗೂನಾಗಿ ಏರಿದ, ಕಿತ್ತಳೆ ಬಣ್ಣದ ಈಜುರೆಕ್ಕೆಯ ದೈತ್ಯ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡು ತೂಗಿತ್ತು, ಅಂದರೆ 54 ಕಿಲೋ! ಜಗತ್ತಿನ ಗಾಳಗಾರರೆಲ್ಲ ಹುಡುಕಿಕೊಂಡು ಬರುತ್ತಿದ್ದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಯಾವುದೆಂದು ತಿಳಿದದ್ದೇ 2018ರಲ್ಲಿ. ಕೇರಳದ ಪಾಂಬಾರ್ ನದಿಯಲ್ಲಿ ಮೊದಲೇ ಗುರುತಿಸಿದ್ದ ಜಾತಿಯೇ ಇದು ಎಂದು ಸಂಶೋಧಕರು ತೋರಿಸಿದರು. ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದನ್ನು ಅಳಿವಿನ ಅಂಚಿಗೆ ತೀರಾ ಹತ್ತಿರದ ಜಾತಿ ಎಂದು ಸೇರಿಸಲಾಯಿತು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಖಾತೆ ತೆರೆದ ದಿನವೇ ಬಾಕಿ ಸೊನ್ನೆಗೆ ಬಂದ ಹಾಗೆ.

ಕಾವೇರಿ ದಡದ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಟ್ಟ ಮೀನುಗಳ ದಾಖಲೆ ಇತ್ತು. ಸಂಶೋಧಕರು ಅದನ್ನು ಕೂತು ಲೆಕ್ಕ ಮಾಡಿದರು. ನೀಲಿ ಈಜುರೆಕ್ಕೆಯ ಖುದ್ರಿ, ಅಂದರೆ ನಮ್ಮ ಪುಣೆ ಕಡೆಯ ಮೀನು, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗಿತ್ತು. ಗೂನುಬೆನ್ನಿನ ಕಾವೇರಿ ಮೀನು ಸಿಗುವುದು ಕಡಿಮೆಯಾಗುತ್ತಾ ಬಂದಿತ್ತು. ಸಿಕ್ಕಿದವೂ ದೊಡ್ಡದೊಡ್ಡವು ಮಾತ್ರ, ಚಿಕ್ಕವು ಇಲ್ಲ. ದೊಡ್ಡ ಮೀನು ಸಿಕ್ಕಿತೆಂದು ಗಾಳಗಾರ ಸಂತೋಷಪಟ್ಟಿರಬಹುದು. ಆದರೆ ಊರಿನಲ್ಲಿ ಮುದುಕರು ಮಾತ್ರ ಉಳಿದು ತೊಟ್ಟಿಲು ತೂಗುವುದೇ ನಿಂತಿದ್ದರೆ ಆ ಊರಿನ ಗತಿ ಏನು? ಅಣೆಕಟ್ಟು, ಮರಳು ಲೂಟಿ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಇವೂ ಕಾರಣ ಹೌದು. ಎಲ್ಲವನ್ನೂ ಖುದ್ರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಕಷ್ಟದಲ್ಲಿದ್ದವನ ಮನೆಗೆ ನಾವು ಲಾರಿಗಟ್ಟಲೆ ನೆಂಟರನ್ನು ಇಳಿಸಿದ್ದಂತೂ ನಿಜ.

ಇಲ್ಲಿನ ಕನ್ನಡ ಸಂಘದ ಶಿಕ್ಷಣ ಸಂಸ್ಥೆಗಳಿಗೆ ಕಾವೇರಿ ಎಂದೇ ಹೆಸರು. ನೀರಿನ ಪಾಲಿನ ವಿಷಯ ಬಂದಾಗ ಪುಣೆಯಲ್ಲಿ ಕೂತು ನಾವು ಎಷ್ಟು ಬಿಸಿ ಚರ್ಚೆ ಮಾಡುತ್ತೇವೆ! ಆ ನೀರಿನಲ್ಲಿದ್ದ ಮೀನಿಗೆ ನಮ್ಮ ಪುಣೆ ಜಿಲ್ಲೆಯಿಂದಲೇ ಪ್ರತಿಸ್ಪರ್ಧಿ ಹೋಗಿದ್ದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇದು ದೇಶದೊಳಗಿನ ಮೀನಿನ ಕಥೆಯಾಯಿತು. ರೋಹು, ಕಾಟ್ಲಾ, ಮೃಗಾಲ್ ಕೂಡ ಹೀಗೆಯೇ. ನಾವು ಇಲ್ಲಿಯವೇ ಎಂದುಕೊಂಡಿರುವ ಇವು ಗಂಗೆಯ ಕಡೆಯವು. ಕೃಷ್ಣಾ-ಭೀಮಾ ಜಲಾಶಯಗಳಿಗೆ ಮನುಷ್ಯನೇ ತಂದು ಬಿತ್ತಿದ್ದು. ಇನ್ನು ಕಡಲಾಚೆಯಿಂದ ಬಂದವು. ನಮ್ಮೂರ ಕಡೆ ಜಿಲೇಬಿ, ಇಲ್ಲಿ ಚಿಲಾಪಿ ಎನ್ನುವ ತಿಲಾಪಿಯಾ ಆಫ್ರಿಕಾ ಮೂಲದ್ದು. ಭಾರತಕ್ಕೆ ತಂದದ್ದು 1952ರಲ್ಲಿ, ಬಡವರಿಗೆ ಅಗ್ಗದ ಆಹಾರವಾಗಲಿ ಎಂದು. ಏಳು ವರ್ಷದೊಳಗೇ ಇದು ಕೈಮೀರುವ ಮೀನು ಎಂದು ಗೊತ್ತಾಗಿ 1959ರಲ್ಲಿ ಮೀನುಗಾರಿಕೆ ಸಂಶೋಧನಾ ಸಮಿತಿ ಇದನ್ನು ಹರಡದಂತೆ ನಿರ್ಬಂಧಿಸಿತು. ಆದರೆ ಹೆಣ್ಣುಮೀನು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲೇ ಇಟ್ಟುಕೊಂಡು ಕಾಪಾಡುವ ಜಾತಿ ಅದು. ಎರಡು-ಮೂರು ತಿಂಗಳಿಗೇ ಪ್ರಾಯಕ್ಕೆ ಬಂದು ವರ್ಷಕ್ಕೆ ಹಲವು ಬಾರಿ ಮರಿ ಮಾಡುತ್ತದೆ. ಕಾಗದದ ಆದೇಶಕ್ಕೆ ನಿಲ್ಲುತ್ತದೆಯೇ? ಮಾಂಗೂರ್ ಎಂಬ ಹೆಸರಿನಲ್ಲಿ ಮಾರುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರಕಾರ 2000ದಲ್ಲಿ ನಿಷೇಧಿಸಿತು. 2019ರಲ್ಲಿ ಹಸಿರು ನ್ಯಾಯಮಂಡಳಿ ಮತ್ತೆ ಎಚ್ಚರಿಸಬೇಕಾಯಿತು ಎಂದರೆ ನಡುವಿನ 19 ವರ್ಷ ಏನಾಗಿತ್ತೆಂದು ನೀವೇ ಊಹಿಸಿ. ಸೊಳ್ಳೆ ತಿನ್ನಲೆಂದು 1928ರಲ್ಲಿ ತಂದ ಗ್ಯಾಂಬೂಸಿಯಾ ಎಂಬ ಪುಟ್ಟ ಮೀನು ಸೊಳ್ಳೆಯ ಮರಿಯ ಜೊತೆ ಇತರ ಮೀನುಗಳ ಮೊಟ್ಟೆಯನ್ನೂ ತಿನ್ನುತ್ತದೆ. ಸೊಳ್ಳೆಯಂತೂ ಹಾಗೇ ಇದೆ, ನಮ್ಮ ಮನೆಗೆ ಬಂದು ನೋಡಬಹುದು.

ಇದಕ್ಕೂ ಹವಾಮಾನ ಬದಲಾವಣೆಗೂ ಏನು ಸಂಬಂಧ ಎಂದು ಸಭೆಯಲ್ಲಿ ಕಿರಿಯ ಸದಸ್ಯರೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಆಗ ನನಗೆ ಸರಿಯಾಗಿ ಹೇಳಲು ಬರಲಿಲ್ಲ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಪ್ರಾಣವಾಯು ಕಡಿಮೆ. 20 ಡಿಗ್ರಿಯ ಒಂದು ಲೀಟರ್ ಶುದ್ಧ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಪ್ರಾಣವಾಯು ಹಿಡಿಸಿದರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟು ಮಾತ್ರ. ಅದಕ್ಕೆ ಊರಿನ ಕೊಳಚೆ ಸೇರಿದರೆ ಇರುವ ಪ್ರಾಣವಾಯುವನ್ನೂ ಕೊಳಚೆಯ ಸೂಕ್ಷ್ಮಜೀವಿಗಳೇ ಮುಗಿಸುತ್ತವೆ. ಮಹಸೀರಿನಂಥ ಮೀನಿಗೆ ತಂಪಾದ, ಹರಿಯುವ, ತಿಳಿಯಾದ ನೀರು ಬೇಕು. ಮೊಟ್ಟೆ ಇಡಲು ಹರಳುಕಲ್ಲಿನ ತಳ ಬೇಕು. ತಿಲಾಪಿಯಾಕ್ಕೆ ಇದಾವುದೂ ಬೇಡ. ಅದರ ನಿಜವಾದ ಶತ್ರು ಚಳಿ. ನೀರು ತೀರಾ ತಣ್ಣಗಾದರೆ ಸಾಯುತ್ತದೆ. ಬಿಸಿಲು ಏರಿದಷ್ಟೂ ಅದಕ್ಕೆ ಹಬ್ಬ. ಅಂದರೆ ಇಲ್ಲಿನ ಮೀನಿಗೆ ಬಾಗಿಲು ಮುಚ್ಚುತ್ತಾ, ಹೊರಗಿನ ಮೀನಿಗೆ ಅದೇ ಬಾಗಿಲು ತೆರೆಯುತ್ತಾ ಇದೆ ಈ ಹವೆ.

ಎರಡನೆಯದು ಮಳೆ. ಪಾಷಾಣ ರಸ್ತೆಯಲ್ಲಿರುವ ನಮ್ಮ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1950ರಿಂದ 2015ರ ನಡುವೆ ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆ ಎಂದು ಅದರಲ್ಲಿದೆ. ವಿಜ್ಞಾನಿಗಳು ಹೇಳಬೇಕೇ? 2019ರ ಸಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿ ಹರಿದದ್ದನ್ನು ಕಂಡವರು ನಮ್ಮ ನಡುವೆ ಇದ್ದಾರೆ. 2024ರ ಜುಲೈಯಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿತು. ಅದೇ 2024ರ ಜೂನ್ ತಿಂಗಳಲ್ಲಿ ಉಜನಿ ಜಲಾಶಯ ಬಳಕೆಯ ಮಟ್ಟಕ್ಕಿಂತಲೂ ಕೆಳಗಿಳಿದು, ಪತ್ರಿಕೆಗಳು ಶೇಕಡಾ ಮೈನಸ್ ಐವತ್ತರ ಮೇಲೆ ಎಂದು ಬರೆದಿದ್ದವು. ಆಗಸ್ಟಿನಲ್ಲಿ ತುಂಬಿ ಬಾಗಿಲು ತೆರೆಯಿತು! ಇಂಥ ಏರಿಳಿತದಲ್ಲಿ ಮನುಷ್ಯನೇ ತತ್ತರಿಸುವಾಗ, ಮೊದಲ ಮಳೆಯ ಹೊಸನೀರಿನ ಸುಳಿವು ಹಿಡಿದು ಮೇಲಕ್ಕೆ ಈಜಿ ಮೊಟ್ಟೆ ಇಡುವ ಮೀನಿನ ಪಾಡೇನು? ಪ್ರವಾಹ ಬಂದರೆ ಹೊಲದ ಮೀನುಹೊಂಡಗಳೂ ಒಡೆದು ಸಾಕಿದ ಮೀನೆಲ್ಲ ನದಿ ಸೇರುತ್ತವೆ. 2018ರ ಕೇರಳದ ಮಹಾಪ್ರವಾಹದ ನಂತರ ಅಲ್ಲಿನ ನದಿಗಳಲ್ಲಿ ಅಮೆಜಾನಿನ ಅರಪೈಮಾ ಎಂಬ ಭಾರೀ ಮೀನು ಬಲೆಗೆ ಬಿದ್ದಿತ್ತು. ಕದ್ದುಮುಚ್ಚಿ ಸಾಕಿದವರ ಕೊಳದಿಂದ ತಪ್ಪಿಸಿಕೊಂಡದ್ದು.

ನನ್ನ ಊರು ಅಫಜಲಪುರ ತಾಲೂಕಿನ ಭೀಮಾ ದಂಡೆ. ಪುಣೆಯ ನೀರು, ಪುಣೆಯ ಕೊಳಚೆ, ಪುಣೆಯ ಮೀನು ಎಲ್ಲವೂ ಉಜನಿ ದಾಟಿ, ಪಂಢರಪುರ ದಾಟಿ ನಮ್ಮೂರಿಗೆ ಬರುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ನಮ್ಮ ಹೊಲದ ತೊಗರಿ ಎಂಟು ದಿನ ನೀರಿನಡಿ ಇತ್ತು. ಕಳೆದ ಸಲ ಊರಿಗೆ ಹೋದಾಗ ದಂಡೆಯಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಅಂಬಿಗರ ಹಿರಿಯನನ್ನು ಮಾತಾಡಿಸಿದೆ. ನನಗೆ ಈಜು ಕಲಿಸಿದವನು.

"ಕಾಕಾ, ಈಗ ಯಾವ ಮೀನಾ ಬೀಳ್ತಾವು?"

"ಎಲ್ಲಿ ಮೀನಪಾ ತಮ್ಮಾ, ಬರೇ ಚಿಲಾಪಿ. ಬಾಳಿ ಮೀನಾ ಕಂಡು ಯಾವ ಕಾಲ ಆತು. ನಮ್ಮಪ್ಪ ಇಪ್ಪತ್ತ ನಮೂನಿ ಹೆಸರ ಹೇಳ್ತಿದ್ದ. ನನ್ನ ಮೊಮ್ಮಗಗ ಮೂರ ಗೊತ್ತು ನೋಡು."

ಮೂರು! ಇಪ್ಪತ್ತರಲ್ಲಿ ಹದಿನೇಳು ಹೋಯಿತು. ಮೀನಿನ ಜೊತೆ ಅಷ್ಟು ಕನ್ನಡ ಶಬ್ದಗಳೂ ಹೋದವು. ಕನ್ನಡ ಉಳಿಸಿ ಎಂದು ವೇದಿಕೆಯಲ್ಲಿ ಭಾಷಣ ಮಾಡುವ ನಮಗೆ ಈ ಲೆಕ್ಕ ಯಾರೂ ಕೊಡುವುದಿಲ್ಲ.

ಈಗ ಎದುರುವಾದಗಳಿಗೆ ಬರುತ್ತೇನೆ. ಉಜನಿಯ ಹಿನ್ನೀರಿನಲ್ಲಿ, ಭಿಗವಣ ಭಾಗದಲ್ಲಿ, ಎಷ್ಟೋ ಮೀನುಗಾರ ಕುಟುಂಬಗಳು ಚಿಲಾಪಿಯಿಂದಲೇ ಹೊಟ್ಟೆ ಹೊರೆಯುತ್ತಿವೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡುವ ನಮ್ಮ ಜನರಿಗೆ ರವಿವಾರದ ಅಗ್ಗದ ಮೀನೂ ಅದೇ. ನಮ್ಮ ಹೋಟೆಲ್ ಉದ್ಯಮಿ ಬಂಧುಗಳಂತೆ ಅವರು ಬಂಗುಡೆ, ಅಂಜಲ್ ಕೊಳ್ಳಲಾರರು. ಆದ್ದರಿಂದ ಚಿಲಾಪಿ ಹಿಡಿಯಬೇಡಿ, ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ. ಹಿಡಿದಷ್ಟೂ ಒಳ್ಳೆಯದೇ! ನನ್ನ ಆಕ್ಷೇಪ ಇರುವುದು ಹೊಸದಾಗಿ ಬಿಡುವುದಕ್ಕೆ. ಕಟ್ಟುನಿಟ್ಟಾದ ಕೊಳದಲ್ಲಿ ಸಾಕುವುದು ಬೇರೆ, ನದಿಗೆ ಸುರಿಯುವುದು ಬೇರೆ. ಕೊಳದ ಮೀನನ್ನು ಎಣಿಸಬಹುದು. ನದಿಗೆ ಬಿಟ್ಟದ್ದನ್ನು ಹಿಂದಕ್ಕೆ ಪಡೆದವರು ಜಗತ್ತಿನಲ್ಲಿ ಬಹಳ ಕಡಿಮೆ.

ಇನ್ನೊಂದು ಮಾತು ಸ್ವಲ್ಪ ಸೂಕ್ಷ್ಮದ್ದು. ಸಭೆಯ ನಂತರ ಚಹಾ ಕುಡಿಯುವಾಗ ಗೆಳೆಯರೊಬ್ಬರು, "ಹೊರಗಿನಿಂದ ಬಂದವರು ಸ್ಥಳೀಯರ ಅನ್ನ ಕಸಿಯುತ್ತಾರೆ ಅಂತ ನೀವೇ ಬರೆದರೆ, ನಾಳೆ ನಮ್ಮನ್ನೂ ಅದೇ ಸಾಲಿಗೆ ಸೇರಿಸ್ತಾರಲ್ಲ ಮಾರಾಯ್ರೇ" ಎಂದರು. ಎಲ್ಲರೂ ನಕ್ಕರು, ಆದರೆ ಆ ನಗೆಯಲ್ಲಿ ಸ್ವಲ್ಪ ಅಳುಕೂ ಇತ್ತು. ನಾನು 1989ರಲ್ಲಿ ಒಂದು ಟ್ರಂಕಿನೊಂದಿಗೆ ಪುಣೆ ಸ್ಟೇಷನ್ನಿನಲ್ಲಿ ಇಳಿದವನು. ಹೊರಗಿನವನು ಎಂಬ ಶಬ್ದ ನನಗೂ ಚುಚ್ಚಿದೆ. ಆದರೆ ಈ ಹೋಲಿಕೆಯೇ ತಪ್ಪು. ಮನುಷ್ಯ ಎಲ್ಲಿ ಹೋದರೂ ಮನುಷ್ಯನೇ, ಒಂದೇ ಜಾತಿ. ನಾವು ಬಂದೆವು, ಮರಾಠಿ ಕಲಿತೆವು, ಇಲ್ಲಿಯ ಗಣಪತಿಗೆ ವರ್ಗಣಿ ಕೊಟ್ಟೆವು, ಇಲ್ಲಿಯವರು ನಮ್ಮ ಇಡ್ಲಿ ತಿಂದರು. ತಿಲಾಪಿಯಾಕ್ಕೂ ನುಕ್ತಾಕ್ಕೂ ನಡುವೆ ಅಂಥ ವ್ಯವಹಾರ ಇಲ್ಲ. ಅಲ್ಲದೆ ಮೀನು ತಾನಾಗಿ ರೈಲು ಹತ್ತಿ ಬಂದದ್ದಲ್ಲ, ನಾವು ತಂದದ್ದು. ಬೈಗುಳ ಸಲ್ಲಬೇಕಾದದ್ದು ಮೀನಿಗಲ್ಲ, ಬಕೆಟ್ಟು ಹಿಡಿದ ಕೈಗೆ. ಆ ಕೈಗಳಲ್ಲಿ ನನ್ನದೂ ಒಂದು.

ಮೀನು ಬಿಟ್ಟರೆ ನದಿ ಶುದ್ಧವಾಗುತ್ತದೆ ಎಂಬ ನಂಬಿಕೆಯ ಬಗ್ಗೆ ಒಂದೇ ಮಾತು. ಶೌಚದ ನೀರು ಬಂದು ಬೀಳುವವರೆಗೆ ಯಾವ ಮೀನೂ ಏನೂ ಮಾಡಲಾರದು. ಐದು ಸಾವಿರದಲ್ಲಿ ಹೆಚ್ಚಿನವು ಸಂಜೆಯೊಳಗೆ ಸಾಯುತ್ತವೆ. ಬದುಕುವವು ಯಾವುವು? ಎಂಥ ಹೊಲಸಿಗೂ ಜಗ್ಗದವು. ಅಂದರೆ ಯಾವುದು ಇರಬಾರದೋ ಅದೇ.

ಜಾಗತಿಕ ಮಟ್ಟದಲ್ಲಿ ಈ ವಿಷಯ ಈಗ ಗಂಭೀರವಾಗಿದೆ. 2023ರಲ್ಲಿ ಹೊರಬಂದ ಅಂತರಸರಕಾರಿ ವರದಿಯೊಂದರ ಪ್ರಕಾರ, ಮನುಷ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ ಜೀವಜಾತಿಗಳು 37 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕಾರಕವೆಂದು ಗುರುತಿಸಿದವು 3,500ಕ್ಕೂ ಮಿಕ್ಕಿ. ನಮ್ಮ ದೇಶದಲ್ಲೂ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿ ತಂದು, ಇಂಥ ಆಕ್ರಮಣಕಾರಿ ವಿದೇಶಿ ಜಾತಿಗಳ ಆಮದು, ಮಾರಾಟ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಡಲಾಗಿದೆ. ಕಾಯಿದೆ ಬಂತು, ಒಳ್ಳೆಯದು. ಬಣ್ಣದ ಮೀನಿನ ಅಂಗಡಿಯಲ್ಲಿ ಸಕರ್ ಈಗಲೂ ಸಿಗುತ್ತಿದೆ, ನಾನೇ ಕಳೆದ ವಾರ ನೋಡಿ ಬಂದೆ.

ಹಾಗಾದರೆ ಜೂನ್ 5ರಂದು ಏನು ಮಾಡುವುದು? ಬರಿದೇ ಬೇಡ ಎನ್ನುವವನು ಸಂಘಕ್ಕೆ ಬೇಡದವನಾಗುತ್ತಾನೆ ಎಂಬ ಅರಿವು ನನಗಿದೆ. ನನ್ನ ಪ್ರಸ್ತಾಪ ಇಷ್ಟು. ಪ್ರಾಯೋಜಕರು ಕೊಡುವ ಹಣದಲ್ಲಿ ಎರಡು ದೊಡ್ಡ ನೀರಿನ ತೊಟ್ಟಿ ಕೊಳ್ಳೋಣ. ಬಡಾವಣೆಯಲ್ಲಿ ಯಾರಿಗೆ ಮನೆಯ ಮೀನು ಸಾಕಾಗಿದೆಯೋ ಅವರು ನದಿಗೆ ಒಯ್ಯದೆ ಅಲ್ಲಿಗೆ ತಂದುಕೊಡಲಿ. ಬೇಕಾದವರು ಉಚಿತವಾಗಿ ಒಯ್ಯಲಿ, ಉಳಿದವನ್ನು ನಾನೇ ನೋಡಿಕೊಳ್ಳುತ್ತೇನೆ. ಮನೆಯವಳು ಒಪ್ಪಿದ್ದಾಳೆ, ಸುಲಭವಾಗಿ ಅಲ್ಲ. ಬೇಸಿಗೆ ಶಿಬಿರದ ಮಕ್ಕಳನ್ನು ಒಂದು ಬಸ್ಸಿನಲ್ಲಿ ದೇಹೂಗೆ ಕರೆದುಕೊಂಡು ಹೋಗೋಣ. ಇಂದ್ರಾಯಣಿಯ ಮಡುವಿನಲ್ಲಿ ತುಕಾರಾಮರ ಹೆಸರಿನಲ್ಲಿ ಯಾರೂ ಮುಟ್ಟದೆ ಕಾಪಾಡಿಕೊಂಡು ಬಂದ ಮೀನುಗಳ ಜಾಗ ಅದು. ನಮ್ಮ ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನು ಇರುವಂತೆಯೇ. 1996ರಲ್ಲಿ ಶಿಶಿಲದಲ್ಲಿ ಯಾರೋ ವಿಷ ಹಾಕಿ ಮೀನು ಕೊಂದಾಗ ಆ ಊರಿನವರು ಮೀನಿಗೆ ಸ್ಮಾರಕವನ್ನೇ ಕಟ್ಟಿದರು. ನಮ್ಮ ಹಿರಿಯರು ಹೊರಗಿನಿಂದ ಮೀನು ತಂದು ಬಿಟ್ಟು ಪುಣ್ಯ ಗಳಿಸಲಿಲ್ಲ, ಇದ್ದ ಮೀನನ್ನು ಹಿಡಿಯದೆ ಬಿಟ್ಟು ಗಳಿಸಿದರು. ಮೂರನೆಯದಾಗಿ, ನಮ್ಮ ಬಡಾವಣೆಯ ನಾಲೆ ನದಿಗೆ ಸೇರುವ ಜಾಗದ ಫೋಟೋ ಲಗತ್ತಿಸಿ ಪಾಲಿಕೆಗೆ ಒಂದು ಅರ್ಜಿ, ಎಲ್ಲ ಸದಸ್ಯರ ಸಹಿಯೊಂದಿಗೆ. ಅರ್ಜಿಯನ್ನು ಮರಾಠಿಯಲ್ಲಿ ನಾನು ಬರೆಯುತ್ತೇನೆ, ಪ್ರತಿ ತಿಂಗಳು ಹೋಗಿ ಜವಾಬು ಕೇಳುವ ಕೆಲಸವೂ ನನ್ನದೇ. ಕೌಂಟರಿನ ಆಚೆ ಕೂತು ಅಭ್ಯಾಸ ಇರುವವನಿಗೆ ಈಚೆ ನಿಲ್ಲುವ ತಾಳ್ಮೆಯೂ ಇರುತ್ತದೆ.

ಬ್ಯಾನರ್ ಇರಲಿ, ಫೋಟೋ ಇರಲಿ, ಪ್ರಾಯೋಜಕರಿಗೆ ಶಾಲು ಹೊದಿಸಿ ಸನ್ಮಾನವೂ ಆಗಲಿ, ನನ್ನ ಅಡ್ಡಿಯಿಲ್ಲ. ಸಭೆ ಮುಂದಿನ ರವಿವಾರ ಸಂಜೆ 5 ಗಂಟೆಗೆ. ಕಳೆದ ಬಾರಿ ಬಂದದ್ದು ಹನ್ನೊಂದು ಜನ, ನನ್ನ ಕಡೆ ಇದ್ದದ್ದು ನಾನೊಬ್ಬನೇ. ಈ ಬಾರಿ ಹೆಚ್ಚು ಜನ ಬನ್ನಿ. ಮೀನುಮರಿಯೇ ಬಿಡಬೇಕು ಎನ್ನುವವರೂ ಬನ್ನಿ, ಆದರೆ ಯಾವ ಮೀನು ಎಂದು ಅಂಗಡಿಯವನನ್ನು ಕೇಳಿಕೊಂಡು ಬನ್ನಿ.